ಒಪ್ಪಿ ಮಾಡುವ ಮದುವೆಯನ್ನು ಸರ್ಕಾರ ಏಕೆ ನಿಲ್ಲಿಸಬೇಕು?

ಮನೆಯವರೆಲ್ಲ ಒಪ್ಪಿ ನಿಶ್ಚಯಿಸಿದ ಮದುವೆಯನ್ನು, ಹುಡುಗಿಗೆ ಹದಿನೆಂಟು ತುಂಬಿಲ್ಲವೆಂದು ಅಧಿಕಾರಿಗಳು ನಿಲ್ಲಿಸಿದರೆ ಅದು ಹೆತ್ತವರ ಹಕ್ಕಿನ ಅತಿಕ್ರಮಣವಲ್ಲವೇ ಎಂದು ಕೇಳಿದ್ದೀರಿ. ಅಲ್ಲವೆಂದೇ ನನ್ನ ಉತ್ತರ. ಆದರೆ ಕೊಪ್ಪಳ ಜಿಲ್ಲೆಯ ಪ್ರೌಢಶಾಲೆಯೊಂದರಲ್ಲಿ ಶಿಕ್ಷಕನಾಗಿದ್ದಾಗ ಕಂಡದ್ದನ್ನು ಹೇಳದಿದ್ದರೆ ಈ ಉತ್ತರ ಅರ್ಧವಾದೀತು.

ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ದೀಪಾವಳಿ ಕಳೆದು ವಾರಗಳಾದರೂ ಶಾಲೆಗೆ ಬರಲಿಲ್ಲ. ಮನೆಗೆ ಹೋದರೆ ಅಂಗಳದಲ್ಲಿ ಹಂದರ ಹಾಕಿದ್ದರು, ಅವಳ ಕೈಗಳಲ್ಲಿ ಅರಿಸಿನ ಇನ್ನೂ ಹಸಿಯಾಗಿತ್ತು. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿದೆ. ಅಧಿಕಾರಿಗಳು ಪೊಲೀಸರೊಡನೆ ಬಂದು ತಂದೆಯಿಂದ ಮುಚ್ಚಳಿಕೆ ಬರೆಸಿಕೊಂಡರು. ಹೆಬ್ಬೆಟ್ಟು ಒತ್ತುವ ಮುನ್ನ ಆತ ನನ್ನತ್ತ ತಿರುಗಿ, “ನಾವು ಗುಳೆ ಹೋದರ ಈಕಿನ್ನ ಯಾರ ಹತ್ತಿರ ಬಿಡೂಣ್ರಿ ಸರ?” ಎಂದರು. ಅಲ್ಲಿದ್ದ ಯಾರೂ ಬಾಯಿ ತೆರೆಯಲಿಲ್ಲ.

2006ರ ಕೇಂದ್ರ ಕಾಯ್ದೆಯ ಪ್ರಕಾರ ಬಾಲ್ಯವಿವಾಹ ಸಾಮಾನ್ಯವಾಗಿ ತಾನಾಗಿ ಅಸಿಂಧುವಾಗುವುದಿಲ್ಲ. ಬಾಲ್ಯದಲ್ಲಿ ಮದುವೆಯಾದವರೇ ನ್ಯಾಯಾಲಯಕ್ಕೆ ಹೋಗಿ ರದ್ದು ಮಾಡಿಸಿಕೊಳ್ಳಬೇಕು. ಗಂಡನ ಮನೆಯಲ್ಲಿರುವ ಹದಿನೈದರ ಹುಡುಗಿ ಎರಡೂ ಕುಟುಂಬಗಳನ್ನು ಎದುರು ಹಾಕಿಕೊಂಡು ವಕೀಲರನ್ನು ಹುಡುಕುವುದು ಸಾಧ್ಯವೇ? ಅಂಥ ಮದುವೆ ಮೊದಲಿನಿಂದಲೇ ಅಸಿಂಧು ಎಂದು ಕರ್ನಾಟಕ 2016ರ ತಿದ್ದುಪಡಿಯಲ್ಲಿ ಸಾರಿದ್ದು ನ್ಯಾಯವಾಗಿಯೇ ಇದೆ. ಮಕ್ಕಳು ಬೆಳೆಯುವವರೆಗೆ ಅವರ ಪರವಾಗಿ ನಿರ್ಧರಿಸುವ ಹೊಣೆ ಹೆತ್ತವರದು. ಆದರೆ ಬೆಳೆದ ಮೇಲೆ ಅವರೇ ನಿರ್ಧರಿಸಬೇಕಾದದ್ದನ್ನು ಮೊದಲೇ ಮುಗಿಸಿಬಿಡುವ ಅಧಿಕಾರ ಆ ಹೊಣೆಯೊಳಗೆ ಸೇರುವುದಿಲ್ಲ.

ಇಷ್ಟಾದರೂ ಸರ್ಕಾರ ಹೆತ್ತವರ ಜಾಗದಲ್ಲಿ ಕೂರಲಾಗದು, ಕಾನೂನೂ ಅದನ್ನು ಬಯಸುವುದಿಲ್ಲ. 2015ರ ಬಾಲನ್ಯಾಯ ಕಾಯ್ದೆಯಂತೆ, ರಕ್ಷಿಸಿದ ಮಗುವನ್ನು 24 ಗಂಟೆಗಳೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಬಾಲಮಂದಿರಕ್ಕೆ ಕಳಿಸುವುದು ಬೇರೆ ದಾರಿಯೇ ಇಲ್ಲದಾಗ ಮಾತ್ರ. ಅಧಿಕಾರಿಗಳು ಬಂದರೆ ಮಗಳನ್ನು ಕಿತ್ತುಕೊಂಡು ಹೋಗುತ್ತಾರೆಂಬ ಭಯ ಹಳ್ಳಿಗಳಲ್ಲಿ ಗಟ್ಟಿಯಾಗಿದೆ, ಕದ್ದುಮುಚ್ಚಿ ಮದುವೆ ಮಾಡಲು ಅದೂ ಒಂದು ಕಾರಣ.

ನಮ್ಮ ಹುಡುಗಿಯನ್ನು ಸಮಿತಿ ಮನೆಗೇ ಕಳಿಸಿತು. ಹಂದರ ಒಂದೇ ಮಧ್ಯಾಹ್ನದಲ್ಲಿ ಕಳಚಿತ್ತು, ಆದರೆ ಹಿಂದುಳಿದ ವರ್ಗಗಳ ಮಕ್ಕಳಿಗಾಗಿ ಸರ್ಕಾರ ನಡೆಸುವ ಬಿಸಿಎಂ ಹಾಸ್ಟೆಲಿನಲ್ಲಿ ಅವಳಿಗೊಂದು ಸೀಟು ಕೊಡಿಸಲು ನಾವು ನಾಲ್ಕು ತಿಂಗಳು ಓಡಾಡಿದೆವು. ಮದುವೆ ನಿಲ್ಲಿಸುವ ಅಧಿಕಾರವಿರುವ ಸರ್ಕಾರಕ್ಕೆ ಆ ಸೀಟನ್ನು ಅದೇ ವಾರ ಕೊಡುವ ಹೊಣೆಯೂ ಇರಬೇಕಿತ್ತು. ಆ ವರ್ಷ ತಂದೆಯೊಬ್ಬರೇ ಗುಳೆ ಹೋದರು. ಕೂಲಿ ಬಿಟ್ಟು ತಾಯಿ ಮಗಳೊಡನೆ ಊರಲ್ಲೇ ಉಳಿದರು.