ಟೋಲ್ ಬೇಡ ಅಂತ ಪಂಚಾಯತಿ ಹೇಳಿದರೆ ಸಾಕಾ? ಕಾಸರಗೋಡಿನಿಂದ ಒಂದು ಉತ್ತರ

ರಸ್ತೆ ಇಷ್ಟು ಚೆನ್ನಾಗಿ ಆಗಿದೆ, ಮತ್ತೆ ನಿಮ್ಮ ಊರಿನವರಿಗೆ ಟೋಲ್ ಮೇಲೆ ಯಾಕೆ ಇಷ್ಟು ಸಿಟ್ಟು, ಬೇಡ ಅಂದರೆ ನಿಮ್ಮ ಪಂಚಾಯತಿಯವರು ಒಂದು ನಿರ್ಣಯ ಮಾಡಿದರೆ ಮುಗೀತಲ್ವಾ ಅಂತ ಕೇಳಿದಿರಿ. ಬೆಂಗಳೂರಿನಲ್ಲಿ ಕೂತು ನೋಡಿದರೆ ಹಾಗೆ ಅನ್ನಿಸುವುದು ಸಹಜ. ಇಲ್ಲಿನ ಲೆಕ್ಕ ಬೇರೆ.

ಮೊದಲು ಜಾಗ ಎಲ್ಲಿ ಅಂತ ತಿಳಿದುಕೊಳ್ಳಿ. ಕಾಸರಗೋಡು 1956ರ ನವೆಂಬರ್ 1ರಂದು ಕೇರಳಕ್ಕೆ ಹೋಯಿತು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕು ಅಂತ ಮಹಾಜನ ಆಯೋಗ 1967ರಲ್ಲಿ ಹೇಳಿತು, ಅದು ಕಾಗದದಲ್ಲೇ ಉಳಿಯಿತು. ಅದೆಲ್ಲ ಇರಲಿ, ನಮ್ಮ ದಿನದ ಬದುಕು ಮಾತ್ರ ಇವತ್ತಿಗೂ ಮಂಗಳೂರಿನ ಕಡೆಗೇ ಮುಖ ಮಾಡಿದೆ. ಕಾಸರಗೋಡಿನಿಂದ ಮಂಗಳೂರಿಗೆ ಸುಮಾರು 50 ಕಿ.ಮೀ., ನಮ್ಮ ರಾಜಧಾನಿ ತಿರುವನಂತಪುರ 550 ಕಿ.ಮೀ.ಗಿಂತಲೂ ಆಚೆ. ಜ್ವರ ಜಾಸ್ತಿಯಾದರೆ ಮಂಗಳೂರು ಹತ್ತಿರದ ದೇರಳಕಟ್ಟೆಯ ಆಸ್ಪತ್ರೆ, ಮಕ್ಕಳ ಕಾಲೇಜು ಮಂಗಳೂರು, ಮದುವೆಯ ಚಿನ್ನ, ಬಟ್ಟೆ ಎಲ್ಲ ಅಲ್ಲೇ. 2020ರ ಮಾರ್ಚ್‌ನಲ್ಲಿ ಕರ್ನಾಟಕದವರು ಗಡಿ ಮುಚ್ಚಿ ರಸ್ತೆಗಳ ಮೇಲೆ ಮಣ್ಣು ಸುರಿದಾಗ ರೋಗಿಗಳು ಪಟ್ಟ ಪಾಡು ಕೋರ್ಟಿನ ತನಕ ಹೋಯಿತು. ನಮಗೆ ಈ ಹೆದ್ದಾರಿ ಪ್ರವಾಸದ ರಸ್ತೆ ಅಲ್ಲ, ಆಸ್ಪತ್ರೆಗೆ ಹೋಗುವ ದಾರಿ.

ಈಗ ರಸ್ತೆ ವಿಷಯ. ಹಳೇ ರಾಷ್ಟ್ರೀಯ ಹೆದ್ದಾರಿ 17, ಈಗಿನ 66. ಗಡಿಯ ತಲಪಾಡಿಯಿಂದ ಕಾಸರಗೋಡು ಹತ್ತಿರದ ಚೆಂಗಳದ ತನಕ 39 ಕಿ.ಮೀ. ಆರು ಪಥ. ಕೇರಳದಲ್ಲಿ ಈ ಹೆದ್ದಾರಿ 30 ಮೀಟರ್ ಅಗಲ ಸಾಕೋ 45 ಬೇಕೋ ಅಂತ ವರ್ಷಗಟ್ಟಲೆ ಜಗಳ ನಡೆದು, ಕಡೆಗೆ 45 ಅಂತ ಆಯಿತು. ಭೂಸ್ವಾಧೀನದ ಖರ್ಚಿನಲ್ಲಿ ಶೇಕಡ 25 ನಾವೇ ಕೊಡುತ್ತೇವೆ ಅಂತ ಕೇರಳ ಸರ್ಕಾರ ಒಪ್ಪಿತು. ರಾಜ್ಯದಾದ್ಯಂತ ಸೇರಿಸಿ ಅದು 5,500 ಕೋಟಿ ರೂಪಾಯಿ ದಾಟಿತು. ಹಾಗಾಗಿಯೇ ಇಲ್ಲಿ ಜನ ‘ಜಾಗಕ್ಕೂ ನಮ್ಮ ದುಡ್ಡು, ಹೋಗೋದಕ್ಕೂ ನಮ್ಮ ದುಡ್ಡಾ’ ಅಂತ ಕೇಳುವುದು. ಚಹಾ ಅಂಗಡಿಯಲ್ಲಿ ಗೆಲ್ಲುವ ವಾದ ಇದು. ಕೋರ್ಟಿನಲ್ಲಿ ಗೆಲ್ಲುತ್ತದೆ ಅಂತ ನನಗೇನೂ ನಂಬಿಕೆ ಇಲ್ಲ.

ಜಾಗ ಹೋಗುವ ಹೊತ್ತಿಗೆ ಪಂಚಾಯತಿಗೆ ಎಷ್ಟು ಬಾಯಿ ಇದೆ ಅನ್ನುವುದು ಎಲ್ಲರಿಗೂ ಗೊತ್ತಾಯಿತು. ರಾಷ್ಟ್ರೀಯ ಹೆದ್ದಾರಿ ಕಾಯಿದೆಯಲ್ಲಿ ‘ತ್ರೀ ಎ’ ಅಂತ, ಈ ಜಾಗ ರಸ್ತೆಗೆ ಬೇಕು ಅನ್ನುವ ಒಂದು ನೋಟಿಸ್ ಬರುತ್ತದೆ. ಬಂದ 21 ದಿನದೊಳಗೆ ಆಕ್ಷೇಪ ಇದ್ದರೆ ಹೇಳಬೇಕು. ಆಮೇಲೆ ‘ತ್ರೀ ಡಿ’. ಅದು ಬಂತು ಅಂದರೆ ಜಾಗ ಕೇಂದ್ರ ಸರ್ಕಾರದ್ದು, ಮುಗೀತು. ಇದರಲ್ಲಿ ಪಂಚಾಯತಿಯ ಒಪ್ಪಿಗೆ ಯಾರೂ ಕೇಳುವುದಿಲ್ಲ. ಇಲ್ಲಿ ಓದು ಬರಹ ಇಲ್ಲದವರ ಬಾಯಲ್ಲೂ ಈಗ ತ್ರೀ ಎ, ತ್ರೀ ಡಿ ಬರುತ್ತದೆ. ನಮ್ಮ ಮಾವನ ಮನೆಯಲ್ಲಿ ಅಳತೆಯ ಕಲ್ಲು ತುಳಸಿಕಟ್ಟೆಯಿಂದ ಎರಡು ಮಾರು ದೂರಕ್ಕೆ ಬಂದು ನಿಂತಿತ್ತು, ಅತ್ತೆ ದಿನಾ ಸಂಜೆ ದೀಪ ಇಡಲು ಹೋದಾಗ ಅದನ್ನು ಒಂದು ಸಲ ನೋಡಿಯೇ ಒಳಗೆ ಬರುತ್ತಿದ್ದರು. ಇನ್ನೊಂದು ಸಂಕಟ ಕಾಗದದ್ದು. ನಮ್ಮ ಕಡೆಯ ಎಷ್ಟೋ ಹಿರಿಯರಿಗೆ ಮಲಯಾಳ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಆಫೀಸಿನಿಂದ ಬಂದ ಪತ್ರ ಹಿಡಿದುಕೊಂಡು ಓದಿ ಹೇಳುವವರನ್ನು ಹುಡುಕಬೇಕು. 21 ದಿನದಲ್ಲಿ ನಾಲ್ಕು ದಿನ ಅದಕ್ಕೇ ಹೋಗುತ್ತದೆ.

ಪರಿಹಾರ ಮಾತ್ರ ಕೆಟ್ಟದಾಗಿರಲಿಲ್ಲ, ಅದನ್ನೂ ಹೇಳಬೇಕು. ಜಾಗ ಇದ್ದವರಿಗೆ ಒಳ್ಳೆಯ ದುಡ್ಡೇ ಸಿಕ್ಕಿತು, ಹಿಂದಕ್ಕೆ ಸರಿದು ಹೊಸ ಮನೆ ಕಟ್ಟಿದರು. ಪೆಟ್ಟು ಬಿದ್ದದ್ದು ಬಾಡಿಗೆಗೆ ಅಂಗಡಿ ಇಟ್ಟುಕೊಂಡಿದ್ದವರಿಗೆ. ಹೋಟೆಲು, ಟೈಲರು, ಸೈಕಲ್ ರಿಪೇರಿ, ಇವರ ಜಾಗ ಇವರದ್ದಲ್ಲ, ವ್ಯಾಪಾರ ಮಾತ್ರ ಇವರದ್ದು.

ಇನ್ನು ಟೋಲ್. ತಲಪಾಡಿಯ ಟೋಲ್ ಗೇಟ್ ಕರ್ನಾಟಕದ ನೆಲದಲ್ಲಿದೆ, ಅದು ಹಳೆಯದು. ಮಂಗಳೂರಿನ ಪಂಪ್‌ವೆಲ್ ಮೇಲ್ಸೇತುವೆ ತೆರೆದದ್ದು 2020ರ ಜನವರಿ 31ರಂದು. ಅದಕ್ಕೆ ಎಷ್ಟೋ ಮೊದಲೇ ತಲಪಾಡಿಯಲ್ಲಿ ದುಡ್ಡು ವಸೂಲಿ ಶುರುವಾಗಿತ್ತು. ಅರ್ಧ ರಸ್ತೆಗೆ ಪೂರ್ತಿ ಟೋಲಾ ಅಂತ ಆ ಕಡೆಯವರೂ ಗಲಾಟೆ ಮಾಡಿದ್ದರು. ನಮ್ಮ ಕಡೆ ಹೊಸ ತಲೆನೋವು ಅಂದರೆ ಕುಂಬಳೆ ಹತ್ತಿರದ ಆರಿಕ್ಕಾಡಿ. ತಲಪಾಡಿಯಿಂದ ಅಲ್ಲಿಗೆ ಬರೀ 20 ಚಿಲ್ಲರೆ ಕಿ.ಮೀ. ನಿಜವಾಗಿ ಗೇಟ್ ಬರಬೇಕಾಗಿದ್ದದ್ದು ಇನ್ನೂ ತೆಂಕಕ್ಕೆ, ಮುಂದಿನ ಹಂತದ ರಸ್ತೆಯಲ್ಲಿ, ಪುಲ್ಲೂರು-ಪೆರಿಯ ಕಡೆ. ಆ ಹಂತದ ಕೆಲಸ ಮುಗಿದಿಲ್ಲ, ಹಾಗಾಗಿ ಸದ್ಯಕ್ಕೆ ಇಲ್ಲಿ ಅಂತ 2025ರಲ್ಲಿ ಆರಿಕ್ಕಾಡಿಯಲ್ಲಿ ಕಟ್ಟಲು ಹೊರಟರು. ಅಂದರೆ ಅವರ ಕೆಲಸ ತಡವಾದದ್ದಕ್ಕೆ ನಮ್ಮ ಜೇಬಿಗೆ ಕೈ! ಕ್ರಿಯಾಸಮಿತಿ ಆಯಿತು, ಎಲ್ಲ ಪಕ್ಷದವರೂ ಬಂದು ಕೂತರು, ಕೇಸು ಕೇರಳ ಹೈಕೋರ್ಟಿಗೆ ಹೋಯಿತು. ಮುಸ್ಲಿಂ ಲೀಗಿನವರೂ ಬಿಜೆಪಿಯವರೂ ಸಿಪಿಎಂನವರೂ ಒಂದೇ ಮಾತು ಹೇಳುವುದನ್ನು ನಮ್ಮೂರಲ್ಲಿ ನೋಡುವುದು ಅಪರೂಪ.

‘60 ಕಿ.ಮೀ. ಒಳಗೆ ಎರಡು ಟೋಲ್ ಇರಬಾರದು ಅಲ್ವಾ’ ಅಂತ ನೀವು ಕೇಳುತ್ತೀರಿ, ಗೊತ್ತು. ಎಲ್ಲರೂ ಕೇಳುತ್ತಾರೆ. 2022ರ ಮಾರ್ಚ್‌ನಲ್ಲಿ ಹೆದ್ದಾರಿ ಸಚಿವ ಗಡ್ಕರಿಯವರು ಲೋಕಸಭೆಯಲ್ಲೇ ಹೇಳಿದ್ದರು, ಅಂಥ ಗೇಟುಗಳನ್ನು ಮೂರು ತಿಂಗಳಲ್ಲಿ ಮುಚ್ಚುತ್ತೇವೆ ಅಂತ. ಆದರೆ ನಿಯಮ ಇರುವುದು 2008ರ ಶುಲ್ಕ ನಿಯಮಾವಳಿಯಲ್ಲಿ, ಅದನ್ನು ತೆಗೆದು ಓದಿ. ‘ಒಂದೇ ವಿಭಾಗ, ಒಂದೇ ದಿಕ್ಕು’ ಅಂತ ಇದೆ. ಜೊತೆಗೆ ಕಾರಣ ಬರೆದಿಟ್ಟರೆ ಹತ್ತಿರದಲ್ಲೂ ಗೇಟ್ ಹಾಕಬಹುದು ಅನ್ನುವ ಬಾಗಿಲೂ ಇದೆ. ಗಡಿಯಿಂದ ಆಚೆ ಒಂದು ಯೋಜನೆ, ಈಚೆ ಇನ್ನೊಂದು. ಒಂದೇ ರಸ್ತೆ, ಒಂದೇ ನಂಬರು, ಕಾಗದದಲ್ಲಿ ಮಾತ್ರ ಎರಡು. ರಾಜ್ಯದ ಗೆರೆ ನಮಗೆ ಎಲ್ಲೆಲ್ಲಿ ಅಡ್ಡ ಬರುತ್ತದೆ ನೋಡಿ.

ಈ ಎರಡು ಗೇಟಿನ ನಡುವೆ ಇರುವ ಮಂಜೇಶ್ವರ, ಉಪ್ಪಳದವರ ಪಾಡು ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಹೊರಗಿನವರಿಗೆ ಇದು ಹೊಳೆಯುವುದಿಲ್ಲ. 2014ರಲ್ಲಿ ಮಂಜೇಶ್ವರ ತಾಲೂಕಾಯಿತು, ಆಫೀಸು ಉಪ್ಪಳದಲ್ಲಿ. ಸಣ್ಣಪುಟ್ಟ ಕೆಲಸ ಅಲ್ಲೇ ಆಗುತ್ತದೆ. ಕಲೆಕ್ಟರ್ ಕಚೇರಿಗೆ ಹೋಗಬೇಕು ಅಂದರೆ ತೆಂಕಕ್ಕೆ, ವಿದ್ಯಾನಗರಕ್ಕೆ. ದಾರಿಯಲ್ಲಿ ಆರಿಕ್ಕಾಡಿ. ಡಾಕ್ಟರ ಹತ್ತಿರ ಹೋಗಬೇಕು ಅಂದರೆ ಬಡಗಕ್ಕೆ, ದಾರಿಯಲ್ಲಿ ತಲಪಾಡಿ. ಸರ್ಕಾರಕ್ಕೆ ಹೋದರೂ ಗೇಟು, ಆಸ್ಪತ್ರೆಗೆ ಹೋದರೂ ಗೇಟು. 20 ಕಿ.ಮೀ. ಒಳಗಿನವರಿಗೆ ತಿಂಗಳ ಪಾಸ್ ಇದೆ ಅಂತ ಹೇಳುತ್ತಾರೆ. ಹೌದು ಇದೆ. ಆದರೆ ಅದು ಗೇಟಿಗೊಂದು, ಸ್ವಂತ ವಾಹನಕ್ಕೆ ಮಾತ್ರ, ಬಾಡಿಗೆ ಓಡಿಸುವವನಿಗೆ ಇಲ್ಲ. ಅದೇ ನಿಯಮದಲ್ಲಿ ಇನ್ನೊಂದು ಸಾಲು ಇದೆ, ಸರ್ವಿಸ್ ರಸ್ತೆಯೋ ಬೇರೆ ದಾರಿಯೋ ಇದ್ದರೆ ಪಾಸ್ ಕೊಡಬೇಕಾಗಿಲ್ಲ ಅಂತ. ಬೈಕಿಗೆ, ಆಟೋಗೆ ಟೋಲ್ ಇಲ್ಲ ನಿಜ, ಬಸ್ಸಿಗೆ ಇದೆಯಲ್ಲ. ಅದು ಸುತ್ತಿ ಬಳಸಿ ಟಿಕೆಟ್ಟಿನಲ್ಲೇ ಬಂದು ಕೂರುತ್ತದೆ. ಕಾರಿಲ್ಲದವನೂ ಟೋಲ್ ಕೊಟ್ಟ ಹಾಗೇ ಆಯಿತು.

ಹಾಗಾದರೆ ಪಂಚಾಯತಿಯ ಕೈಯಲ್ಲಿ ಏನೂ ಇಲ್ವಾ? ನಿರ್ಣಯ ಬರೆದು ಕಳಿಸಬಹುದು. ಅಲ್ಲೊಂದು ಅಂಡರ್‌ಪಾಸ್ ಕೊಡಿ, ಇಲ್ಲಿ ಚರಂಡಿ ಸರಿ ಮಾಡಿ ಅಂತ ಬೆನ್ನು ಬೀಳಬಹುದು. ಕೆಲವು ಕಡೆ ಅದು ಫಲ ಕೊಟ್ಟೂ ಇದೆ. ಟೋಲ್ ಎಲ್ಲಿ, ಎಷ್ಟು ಅನ್ನುವುದು ಮಾತ್ರ ದೆಹಲಿಯಲ್ಲೇ ಆಗುವ ಮಾತು. ತಿರುವನಂತಪುರ ಕೂಡ ಪತ್ರ ಬರೆಯುತ್ತದೆ ಅಷ್ಟೇ. ನಿರ್ಣಯದಿಂದ ಟೋಲ್ ಹೋದದ್ದನ್ನು ನಾನು ಕೇಳಿಲ್ಲ. ಹೋದದ್ದು ಸುರತ್ಕಲ್‌ನಲ್ಲಿ, ಅದೂ ವರ್ಷಗಟ್ಟಲೆ ಹೋರಾಟ ಮಾಡಿ, 2022ರ ಅಕ್ಟೋಬರ್‌ನಲ್ಲಿ ಜನ ಗೇಟಿಗೇ ನುಗ್ಗಿ, ಆಮೇಲೆ ಹಗಲು ರಾತ್ರಿ ಧರಣಿ ಕೂತು. ಡಿಸೆಂಬರ್ 1ರಿಂದ ಅಲ್ಲಿ ವಸೂಲಿ ನಿಂತಿತು. ಕುಂಬಳೆಯವರ ಕಣ್ಣೆದುರು ಇದ್ದದ್ದು ಅದೇ ಸುರತ್ಕಲ್. ಒಂದು ವ್ಯತ್ಯಾಸ ಇದೆ. ಸುರತ್ಕಲ್ ಮಂಗಳೂರಿನ ಒಳಗಿನ ಜಾಗ, ಅಲ್ಲಿ ಗಲಾಟೆ ಆದರೆ ಪೇಪರಿನ ಮೊದಲ ಪುಟ. ಆರಿಕ್ಕಾಡಿಯಲ್ಲಿ ಆದರೆ ಬೆಂಗಳೂರಿಗೆ ಅದು ಕೇರಳದ ಸುದ್ದಿ, ತಿರುವನಂತಪುರಕ್ಕೆ ಬಡಗಿನ ಮೂಲೆಯ ಸುದ್ದಿ.

ರಸ್ತೆ ಬೇಡ ಅನ್ನುವವರು ಇಲ್ಲಿ ಯಾರೂ ಇಲ್ಲ. ಹಳೇ ರಸ್ತೆಯ ಹೊಂಡದಲ್ಲಿ ಮಳೆಗಾಲ ಕಳೆದವರು ನಾವು. ವರ್ಷಕ್ಕೆ ಮೂರು ಸಲ ಬರುವ ನಿಮಗೆ ಟೋಲ್ ಒಂದು ವಿಷಯವೇ ಅಲ್ಲ, ದಿನಾ ಓಡಾಡುವವನಿಗೆ ಅದು ಸಂಬಳದ ಒಂದು ತುಂಡು, ಅಷ್ಟೇ ವ್ಯತ್ಯಾಸ.

ನೀವು ಮಧೂರು ದೇವಸ್ಥಾನಕ್ಕೋ ಬೇಕಲ ಕೋಟೆಗೋ ಕಾರಿನಲ್ಲಿ ಬರುವುದಾದರೆ ಫಾಸ್ಟ್ಯಾಗ್‌ನಲ್ಲಿ ದುಡ್ಡು ಇದೆಯಾ ನೋಡಿಕೊಳ್ಳಿ. ಜಾಸ್ತಿ ಓಡಾಡುವವರಾದರೆ 2025ರ ಆಗಸ್ಟ್‌ನಲ್ಲಿ ಬಂದ ವಾರ್ಷಿಕ ಪಾಸ್ (ಬಂದಾಗ 3,000 ರೂಪಾಯಿ ಇತ್ತು) ತೆಗೆದುಕೊಳ್ಳಬಹುದು, 200 ಸಲ ದಾಟಬಹುದು. ಮತ್ತೆ ಉಪ್ಪಳದಲ್ಲೋ ಕುಂಬಳೆಯಲ್ಲೋ ಇಳಿಯುವುದಿದ್ದರೆ ಬೋರ್ಡ್ ಕಂಡ ಕೂಡಲೇ ಸರ್ವಿಸ್ ರಸ್ತೆಗೆ ಇಳಿದುಬಿಡಿ. ಅದು ತಪ್ಪಿದರೆ ಊರು ಪಕ್ಕದಲ್ಲೇ ಕಾಣುತ್ತಿರುತ್ತದೆ, ನೀವು ಮಾತ್ರ ಮುಂದೆ ಹೋಗುತ್ತಲೇ ಇರುತ್ತೀರಿ.