ಏಳು ವರ್ಷ ಎಂದರೆ ಏಳೇ ಏಕೆ?

ನೀವು ಎರಡು ಪ್ರಶ್ನೆ ಕೇಳಿದ್ದೀರಿ. ಜೈಲು ಶಿಕ್ಷೆ ಯಾವಾಗಿನಿಂದ ಬಂತು ಎಂಬುದು ಒಂದು. ನ್ಯಾಯಾಧೀಶರು ಏಳು ವರ್ಷ ಎಂದು ಬರೆದಾಗ ಅದು ಆರೋ ಎಂಟೋ ಆಗದೆ ಏಳೇ ಆಗುವುದಕ್ಕೆ ತಾತ್ವಿಕ ಆಧಾರವೇನು ಎಂಬುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ಬೇಕಾದಷ್ಟು ಕಡೆ ಸಿಗುತ್ತದೆ. ಎರಡನೆಯದನ್ನು ಕೇಳುವವರೇ ಕಡಿಮೆ. ಈ ವಿಷಯವನ್ನು ಬಹುಕಾಲದಿಂದ ಓದಿಕೊಂಡು ಬಂದವನಾಗಿ ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಆ ಅಂಕಿಗೆ ಚರಿತ್ರೆ ಇದೆ, ತತ್ವ ಇಲ್ಲ.

ಸೆರೆಮನೆ ಹಳೆಯದು, ಆದರೆ ಸೆರೆವಾಸವೇ ಶಿಕ್ಷೆ ಎಂಬ ಕಲ್ಪನೆ ಹೊಸದು. ಕ್ರಿ.ಪೂ. 399ರಲ್ಲಿ ಸಾಕ್ರಟೀಸ್ ಅಥೆನ್ಸ್‌ನ ಸೆರೆಯಲ್ಲಿ ದಿನ ಕಳೆದದ್ದು ವಿಷದ ಬಟ್ಟಲಿಗಾಗಿ ಕಾಯುತ್ತ. ಸೆರೆಮನೆ ಇರುವುದು ಜನರನ್ನು ಹಿಡಿದಿಡಲಿಕ್ಕೆ, ದಂಡಿಸಲಿಕ್ಕಲ್ಲ ಎಂದು ರೋಮಿನ ನ್ಯಾಯವಿದ ಉಲ್ಪಿಯನ್ ಬರೆದಿದ್ದಾನೆ. ಮುಂದೆ ಬಹುಕಾಲ ಯುರೋಪಿನಲ್ಲಿ ಇದೇ ರೂಢಿ. ವಿಚಾರಣೆಗೆ, ಗಲ್ಲಿಗೆ, ಸಾಲ ತೀರುವುದಕ್ಕೆ ಕಾಯುವ ಜಾಗವೇ ಸೆರೆಮನೆ. ಶಿಕ್ಷೆ ಎಂದರೆ ಛಡಿಯೇಟು, ಬರೆ, ಅಂಗಚ್ಛೇದ, ಜುಲ್ಮಾನೆ, ಗಡಿಪಾರು, ಗಲ್ಲು. ಅಪವಾದಗಳಿದ್ದವು: ತಪ್ಪು ಮಾಡಿದ ಸನ್ಯಾಸಿಗಳನ್ನು ಕ್ರೈಸ್ತ ಮಠಗಳು ಪ್ರಾಯಶ್ಚಿತ್ತಕ್ಕೆಂದು ಕೋಣೆಯಲ್ಲಿ ಕೂಡಿಹಾಕುತ್ತಿದ್ದವು, ಆಮ್‌ಸ್ಟರ್‌ಡ್ಯಾಮ್‌ನಲ್ಲಿ 1596ರಲ್ಲೇ ಕೈದಿಗಳಿಂದ ದುಡಿಸುವ ಮನೆಯೊಂದು ತೆರೆದಿತ್ತು.

ನಿಮ್ಮ ಏಳರ ಗುಟ್ಟು ಇರುವುದು 18ನೇ ಶತಮಾನದ ಇಂಗ್ಲೆಂಡಿನಲ್ಲಿ. ಆ ಶತಮಾನದ ಕೊನೆಯ ಹೊತ್ತಿಗೆ ಅಲ್ಲಿ 200ಕ್ಕೂ ಹೆಚ್ಚು ಅಪರಾಧಗಳಿಗೆ ಮರಣದಂಡನೆ ಇತ್ತು. ವಾಸದ ಮನೆಯಿಂದ 40 ಶಿಲಿಂಗ್ ಬೆಲೆಯ ವಸ್ತು ಕದ್ದರೂ ಗಲ್ಲು. ಇಷ್ಟಕ್ಕೆಲ್ಲ ನೇಣು ಹಾಕಿಸಲು ತೀರ್ಪುಗಾರರಿಗೆ, ಅಂದರೆ ಆರೋಪಿ ತಪ್ಪಿತಸ್ಥನೋ ಅಲ್ಲವೋ ಎಂದು ಹೇಳಲು ಕೂತ ನಾಗರಿಕರ ಜ್ಯೂರಿಗೆ, ಮನಸ್ಸು ಬರುತ್ತಿರಲಿಲ್ಲ. ಹಾಗೆಂದು ಕಳ್ಳನನ್ನು ಸುಮ್ಮನೆ ಬಿಡುವಂತೆಯೂ ಇಲ್ಲ. ಹೀಗಾಗಿ ಅವರು ಕದ್ದ ಮಾಲಿನ ಬೆಲೆಯನ್ನೇ ಇಳಿಸಿದರು: ಆರೋಪಿ ತಪ್ಪಿತಸ್ಥ, ಆದರೆ ಮಾಲು 39 ಶಿಲಿಂಗಿನದು! ಹತ್ತು ಪೌಂಡಿನ ನೋಟು ಕದ್ದ ಪ್ರಕರಣದಲ್ಲೂ ಇದೇ ಬೆಲೆ ಕಟ್ಟಿದ ದಾಖಲೆ ಇದೆ. ಹತ್ತು ಪೌಂಡ್ ಎಂದರೆ 200 ಶಿಲಿಂಗ್ ಎಂಬುದು ನೋಟಿನ ಮೇಲೆ ಕಣ್ಣಾಡಿಸಿದ ಯಾರಿಗಾದರೂ ಗೊತ್ತು. ಪ್ರಮಾಣ ಮಾಡಿ ಕುಳಿತ ಗೌರವಸ್ಥರು ತೆರೆದ ನ್ಯಾಯಾಲಯದಲ್ಲಿ ಹೇಳಿದ ಸುಳ್ಳು ಇದು, ಮತ್ತು ನನಗೆ ದಂಡನೆಯ ಇತಿಹಾಸದಲ್ಲಿ ಅತ್ಯಂತ ಇಷ್ಟವಾದ ಸುಳ್ಳು. ಛಡಿಯೇಟಿಗೂ ಗಲ್ಲಿಗೂ ನಡುವೆ ಒಪ್ಪತಕ್ಕ ಶಿಕ್ಷೆಯೊಂದು ಬೇಕಾಗಿತ್ತು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಆ ನಡುವಿನ ಜಾಗವನ್ನು ತುಂಬಿದ್ದು ಕಡಲಾಚೆಯ ಗಡಿಪಾರು. 1718ರ ಕಾಯಿದೆ ಸಾಮಾನ್ಯ ಅಪರಾಧಗಳಿಗೆ 7 ವರ್ಷ, ಗಲ್ಲಿನಿಂದ ಕ್ಷಮೆ ಪಡೆದವರಿಗೆ 14 ವರ್ಷ ಎಂದು ಗೊತ್ತುಮಾಡಿ ಅವರನ್ನು ಅಮೆರಿಕದ ವಸಾಹತುಗಳಿಗೆ ಸಾಗಿಸಿತು. 1776ರಲ್ಲಿ ಅಮೆರಿಕದ ದಾರಿ ಮುಚ್ಚಿದಾಗ ಕೈದಿಗಳನ್ನು ಥೇಮ್ಸ್ ನದಿಯಲ್ಲಿ ನಿಂತ ಹಳೆಯ ಹಡಗುಗಳಲ್ಲಿ ತುಂಬಿದರು. 1788ರಿಂದ 1868ರವರೆಗೆ ಆಸ್ಟ್ರೇಲಿಯಾಕ್ಕೆ ಸುಮಾರು 1,60,000 ಜನರನ್ನು ಕಳುಹಿಸಿದರು. ಕ್ರಮೇಣ ವಸಾಹತುಗಳು ಕೈದಿಗಳು ಬೇಡವೆಂದಾಗ, ಅದೇ ಶಿಕ್ಷೆಯನ್ನು ಸ್ವದೇಶದ ಜೈಲಿಗೆ ಬದಲಾಯಿಸಬೇಕಾಯಿತು. 1853ರ ಕಾಯಿದೆ ಅದಕ್ಕೊಂದು ವಿನಿಮಯ ದರವನ್ನೇ ನಿಗದಿಮಾಡಿತು: ಏಳು ವರ್ಷದ ಗಡಿಪಾರಿಗೆ ಬದಲಾಗಿ ನಾಲ್ಕು ವರ್ಷ ಸೆರೆ. ನಾಲ್ಕೇ ವರ್ಷಕ್ಕೆ, 1857ರಲ್ಲಿ, ಆ ದರವೂ ಹೋಗಿ, ಗಡಿಪಾರಿಗಿದ್ದ ಅವಧಿಯೇ ಸೆರೆಗೂ ಅಂಟಿಕೊಂಡಿತು. ಇಂಗ್ಲಿಷ್ ಮೂಲದ ಕಾನೂನುಗಳಲ್ಲಿ 7 ಮತ್ತು 14 ಮತ್ತೆ ಮತ್ತೆ ಕಾಣಿಸುವುದಕ್ಕೆ ಇದು ದೊಡ್ಡ ಕಾರಣ. ಹಡಗು ನಿಂತರೂ ಅಂಕಿ ಉಳಿಯಿತು.

ಇದಕ್ಕೆ ಸಮಾನಾಂತರವಾಗಿ ಸುಧಾರಕರ ಕಥೆಯೊಂದಿದೆ. 1764ರಲ್ಲಿ ಇಟಲಿಯ ಬೆಕಾರಿಯಾ ಚಿತ್ರಹಿಂಸೆ ಮತ್ತು ಮರಣದಂಡನೆಯ ವಿರುದ್ಧ ಬರೆದ. ಶಿಕ್ಷೆಯ ಕ್ರೌರ್ಯಕ್ಕಿಂತ ಅದು ತಪ್ಪದೆ ಬರುತ್ತದೆ ಎಂಬ ಖಾತ್ರಿ ಅಪರಾಧವನ್ನು ತಡೆಯುತ್ತದೆ ಎಂದ. ಅವನನ್ನು ಕರುಣಾಳು ಎಂದು ಹೊಗಳುವವರು ಒಂದು ಪುಟ ಮಗುಚಿ ಮುಂದೆ ಹೋಗುತ್ತಾರೆ: ಗಲ್ಲಿಗೆ ಬದಲಾಗಿ ಜೀವನಪರ್ಯಂತ ಜೀತ ಕೊಡಿ, ಕ್ಷಣದಲ್ಲಿ ಮುಗಿಯುವ ಸಾವಿಗಿಂತ ದಿನವೂ ಕಣ್ಣೆದುರು ನಡೆಯುವ ಸಂಕಟ ನೋಡುವವರನ್ನು ಹೆಚ್ಚು ಹೆದರಿಸುತ್ತದೆ ಎಂಬುದೂ ಅವನದೇ ವಾದ. ಇಂಗ್ಲೆಂಡಿನಲ್ಲಿ ಜಾನ್ ಹೋವರ್ಡ್ 1773ರಲ್ಲಿ ಬೆಡ್‌ಫರ್ಡ್‌ಶೈರ್‌ನ ಶೆರಿಫ್ (ಸೆರೆಮನೆಯ ಹೊಣೆಯೂ ಇದ್ದ ಅಧಿಕಾರಿ) ಆದಾಗ, ನಿರ್ದೋಷಿ ಎಂದು ಬಿಡುಗಡೆಯಾದವರೂ ಜೈಲರನ ಶುಲ್ಕ ಕಟ್ಟಲಾಗದೆ ಒಳಗೇ ಉಳಿದಿದ್ದನ್ನು ಕಂಡು ದಂಗಾದ. ಜೈಲರನಿಗೆ ಸಂಬಳವಿರಲಿಲ್ಲ, ಕೈದಿಗಳೇ ಅವನ ಆದಾಯ. ಹೋವರ್ಡ್ ಊರೂರು ತಿರುಗಿ ಸೆರೆಮನೆಗಳನ್ನು ನೋಡಿ 1777ರಲ್ಲಿ ವರದಿ ಪ್ರಕಟಿಸಿದ. ಶುಚಿತ್ವ, ಕೆಲಸ, ರಾತ್ರಿ ಪ್ರತ್ಯೇಕ ಕೋಣೆ, ಇವು ಅವನ ಬೇಡಿಕೆಗಳು.

ಆ ಪ್ರತ್ಯೇಕ ಕೋಣೆಯನ್ನು ಅಮೆರಿಕದ ಫಿಲಡೆಲ್ಫಿಯಾದವರು ಕೊನೆ ಮುಟ್ಟಿಸಿದರು. 1829ರಲ್ಲಿ ಅಲ್ಲಿ ತೆರೆದ ಈಸ್ಟರ್ನ್ ಸ್ಟೇಟ್ ಜೈಲಿನಲ್ಲಿ ಕೈದಿಯನ್ನು ಮುಖಕ್ಕೆ ಮುಸುಕು ಹಾಕಿ ಒಳಗೆ ಕರೆದೊಯ್ಯುತ್ತಿದ್ದರು. ಕೋಣೆಯ ಚಾವಣಿಯಲ್ಲಿ ಒಂದು ಬೆಳಕಿಂಡಿ, ಹಿಂಬದಿಗೆ ಅವನೊಬ್ಬನಿಗೇ ಎತ್ತರದ ಗೋಡೆಯ ಪುಟ್ಟ ಅಂಗಳ, ಊಟಕ್ಕೆ ಒಂದು ಕಂಡಿ, ಓದಲು ಬೈಬಲ್. ಪಕ್ಕದ ಕೋಣೆಯಲ್ಲಿ ಯಾರಿದ್ದಾರೆ ಎಂಬುದು ವರ್ಷಗಟ್ಟಲೆ ತಿಳಿಯುತ್ತಿರಲಿಲ್ಲ. ಇದನ್ನು ಕಟ್ಟಿಸಿದವರು ದುಷ್ಟರಲ್ಲ, ದೈವಭಕ್ತರು. ಒಂಟಿಯಾಗಿ ಕುಳಿತ ಮನುಷ್ಯ ಪಶ್ಚಾತ್ತಾಪಪಟ್ಟು ಬದಲಾಗುತ್ತಾನೆಂದು ನಿಜಕ್ಕೂ ನಂಬಿದ್ದರು. 1842ರಲ್ಲಿ ಅದನ್ನು ನೋಡಿದ ಚಾರ್ಲ್ಸ್ ಡಿಕನ್ಸ್, ಮೆದುಳಿನ ಮೇಲೆ ನಡೆಯುವ ಈ ನಿಧಾನದ ಹಿಂಸೆ ದೇಹದ ಯಾವ ಚಿತ್ರಹಿಂಸೆಗಿಂತಲೂ ಕೆಟ್ಟದ್ದು ಎಂದು ಬರೆದ. 2015ರಲ್ಲಿ ವಿಶ್ವಸಂಸ್ಥೆ ಅಂಗೀಕರಿಸಿದ ಮಂಡೇಲಾ ನಿಯಮಗಳು ಸತತ 15 ದಿನ ಮೀರಿದ ಏಕಾಂತ ಸೆರೆಯನ್ನು ನಿಷೇಧಿಸುತ್ತವೆ.

ಇನ್ನು ತತ್ವಜ್ಞಾನಿಗಳು. ಮಾಡಿದ್ದಕ್ಕೆ ತಕ್ಕದ್ದು ಉಣ್ಣಬೇಕು ಎನ್ನುವವರಲ್ಲಿ ಕಾಂಟ್ ಮುಖ್ಯ. ಒಂದು ದ್ವೀಪದ ಜನ ಸಮಾಜವನ್ನೇ ವಿಸರ್ಜಿಸಿ ಚದುರಿಹೋಗುವುದಾದರೂ, ಹೋಗುವ ಮುನ್ನ ಸೆರೆಯಲ್ಲಿರುವ ಕೊನೆಯ ಕೊಲೆಗಾರನನ್ನು ಗಲ್ಲಿಗೇರಿಸಲೇಬೇಕು ಎಂದ. ಕೊಲೆಗೆ ಸಾವು ಎಂಬ ಸಮೀಕರಣ ಸುಲಭ. ಕಳ್ಳನ ವಿಷಯಕ್ಕೆ ಬಂದಾಗ ಮಾತ್ರ, ಅವನನ್ನು ಸ್ವಲ್ಪ ಕಾಲವೋ ಶಾಶ್ವತವಾಗಿಯೋ ದುಡಿಸಿಕೊಳ್ಳಬಹುದು ಎಂದು ಅಂಕಿಯನ್ನು ರಾಜ್ಯಕ್ಕೆ ಬಿಟ್ಟುಬಿಟ್ಟ! ಬೆಂಥಾಮ್‌ನ ದಾರಿ ಬೇರೆ: ಎಲ್ಲ ಶಿಕ್ಷೆಯೂ ತನ್ನಷ್ಟಕ್ಕೆ ಕೇಡೇ, ಅದಕ್ಕಿಂತ ದೊಡ್ಡ ಕೇಡನ್ನು ತಡೆಯುವಷ್ಟು ಮಾತ್ರ ಅದಿರಲಿ. ತೂಗುವುದು ಹೇಗೆಂಬುದೇ ಇಲ್ಲಿಯ ತೊಡಕು. ಆರು ವರ್ಷಕ್ಕೆ ಹೆದರದವನು ಏಳಕ್ಕೆ ಹೆದರುತ್ತಾನೆಂದು ಹೇಳಬಲ್ಲವರು ಯಾರು? ಸುಧಾರಣಾವಾದಿಗಳಂತೂ ಅಂಕಿಯನ್ನೇ ಕೈಬಿಡಬೇಕು, ಏಕೆಂದರೆ ಮನುಷ್ಯ ಬದಲಾಗುವ ದಿನ ಪಂಚಾಂಗದಲ್ಲಿ ಬರೆದಿರುವುದಿಲ್ಲ.

ಈ ಬಿಕ್ಕಟ್ಟನ್ನು ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡವನು ಹೆಗೆಲ್. ನ್ಯಾಯವಾದ ಶಿಕ್ಷೆ 40 ಏಟೋ 39 ಏಟೋ, ಒಂದು ವರ್ಷದ ಸೆರೆಯೋ 364 ದಿನವೋ ಎಂಬುದನ್ನು ತರ್ಕ ನಿರ್ಣಯಿಸಲಾರದು. ಆದರೂ ಒಂದು ಏಟು, ಒಂದು ದಿನ ಹೆಚ್ಚಾದರೂ ಅದು ಅನ್ಯಾಯವೇ ಎಂದು 1820ರ ದಶಕದ ಆರಂಭದಲ್ಲಿ ಬಂದ ತನ್ನ ನ್ಯಾಯಮೀಮಾಂಸೆಯ ಗ್ರಂಥದಲ್ಲಿ ಅವನು ಹೇಳುತ್ತಾನೆ.

ನನಗೆ ಒಪ್ಪಿಗೆಯಾಗುವುದು ಕಾನೂನು ವಿದ್ವಾಂಸ ನಾರ್ವಲ್ ಮಾರಿಸ್ 1974ರಲ್ಲಿ ಮುಂದಿಟ್ಟ ನಿಲುವು. ಅಪರಾಧದ ಗುರುತ್ವ ಶಿಕ್ಷೆಗೆ ಒಂದು ಗರಿಷ್ಠ ಮಿತಿಯನ್ನು ಹಾಕಬಲ್ಲದೇ ಹೊರತು ನಿಖರ ಅಂಕಿಯನ್ನು ಕೊಡಲಾರದು. ಆ ಮಿತಿಯೊಳಗೆ ಉದ್ದೇಶಕ್ಕೆ ಸಾಕಾಗುವಷ್ಟು ಕಡಿಮೆ ಶಿಕ್ಷೆ ಕೊಡಬೇಕು. ನೊಂದವರಿಗೆ ಈ ಮಾತು ರುಚಿಸುವುದಿಲ್ಲ ಎಂಬುದು ಗೊತ್ತು. ಅವರ ಸಂಕಟಕ್ಕೆ ಸಮನಾದ ವರ್ಷಗಳು ಯಾವ ಕಾಯಿದೆಯಲ್ಲೂ ಇಲ್ಲ, ಹಾಗಾಗಿ ಹತ್ತು ಕೊಟ್ಟರೂ ಇಪ್ಪತ್ತು ಕೊಟ್ಟರೂ ಕಡಿಮೆಯೇ.

ಅಂಥ ಗರಿಷ್ಠ ಮಿತಿಗೆ ಒಂದು ಉದಾಹರಣೆ ನಾರ್ವೆ: ಅಲ್ಲಿ ಸಾಮಾನ್ಯ ಅಪರಾಧಗಳಿಗೆ ಗರಿಷ್ಠ ಸೆರೆವಾಸ 21 ವರ್ಷ. ಜೀವಾವಧಿ ಶಿಕ್ಷೆ ಎಂಬುದಿಲ್ಲ. ಅದನ್ನು ಕೇಳಿ ಅಲ್ಲಿಯವರು ಮೆದು ಎಂದುಕೊಳ್ಳಬೇಡಿ. ಅಪಾಯಕಾರಿ ಎನಿಸಿದವನಿಗೆ ಮುನ್ನೆಚ್ಚರಿಕೆಯ ಬಂಧನ ವಿಧಿಸಿ, ಅವಧಿ ಮುಗಿದಾಗ ಒಮ್ಮೆಗೆ ಐದು ವರ್ಷದವರೆಗೆ ಮುಂದುವರಿಸುವ ಅವಕಾಶ ನ್ಯಾಯಾಲಯಕ್ಕಿದೆ, ಸಾಯುವವರೆಗೂ ಹಾಗೆಯೇ ನಡೆಯಬಹುದು. ಆದರೆ ಪ್ರತಿ ಸಲವೂ ಸರ್ಕಾರದ ಪರ ವಕೀಲರು ನ್ಯಾಯಾಲಯಕ್ಕೆ ಬಂದು, ಇನ್ನೂ ಏಕೆ ಬೇಕು ಎಂದು ಕಾರಣ ಕೊಡಬೇಕು.