ಸಮುದ್ರತಳದ ಕಲ್ಲನ್ನು ಬಿಸಿನೀರು ಹೇಗೆ ಬದಲಿಸುತ್ತದೆ? ಕಪ್ಪತಗುಡ್ಡದ ಹಸಿರು ಕಲ್ಲೂ ಓಫಿಯೋಲೈಟಾ?

ಓಫಿಯೋಲೈಟ್ ಅಂದರೆ ಭೂಫಲಕಗಳ ಒತ್ತಡಕ್ಕೆ ನೆಲದ ಮೇಲೆ ಬಂದು ಕೂತ ಹಳೆಯ ಸಮುದ್ರತಳ. ಒಮಾನ್, ಸೈಪ್ರಸ್‌ನಲ್ಲಿ ಚೆನ್ನಾಗಿ ಕಾಣುತ್ತದೆ. ಅದರ ಕಲ್ಲು ಬಹುಪಾಲು ಬದಲಾಗುವುದು ಇನ್ನೂ ನೀರಿನಡಿ ಇರುವಾಗಲೇ.

ಸಮುದ್ರದ ನೀರು ಬಿರುಕುಗಳಲ್ಲಿ ಇಳಿದು, ಶಿಲಾಪಾಕದ ಕಾವಿಗೆ 350–400 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯುತ್ತದೆ. ನೀರಿನ ಮೆಗ್ನೀಸಿಯಂ ಕಲ್ಲಿಗೆ ಸೇರುತ್ತದೆ, ಕಲ್ಲಿನ ಕ್ಯಾಲ್ಸಿಯಂ ನೀರಿಗೆ. ಈ ಕೊಡುಕೊಳ್ಳುವಿಕೆಯಲ್ಲಿ ನೀರು ಹುಳಿಯಾಗುತ್ತದೆ, ಅಂದರೆ ಆಮ್ಲೀಯ. ಅದಕ್ಕೇ ತಾಮ್ರ, ಸತು, ಕಬ್ಬಿಣ ಕರಗಿ ಬರುವುದು. ಸಮುದ್ರತಳದ ಕಪ್ಪು ಲಾವಾ ಕಲ್ಲಾದ ಬಸಾಲ್ಟ್‌ನಲ್ಲಿ ಕ್ಲೋರೈಟ್, ಎಪಿಡೋಟ್ ಎಂಬ ಹಸಿರು ಖನಿಜಗಳು ಬೆಳೆದು ಕಲ್ಲು ಹಸಿರಾಗುತ್ತದೆ. ಬಿಸಿನೀರು ಮೇಲೆದ್ದು ತಣ್ಣೀರಿಗೆ ಸಿಕ್ಕ ಕೂಡಲೇ ಲೋಹಗಳು ಗಂಧಕದ ಜೊತೆ ಸೇರಿ ಕೆಳಗೆ ಕೂರುತ್ತವೆ. ಸೈಪ್ರಸ್‌ನ ಹೆಸರಾಂತ ತಾಮ್ರದ ಅದಿರು ಹುಟ್ಟಿದ್ದು ಹೀಗೇ.

ಇನ್ನೂ ಆಳದ, ಪೆರಿಡೋಟೈಟ್ ಎಂಬ ಕಲ್ಲಿನಲ್ಲಿ ಆಗುವುದು ನನಗೆ ಇನ್ನೂ ಇಷ್ಟ. ಅದರಲ್ಲಿನ ಆಲಿವಿನ್ ಎಂಬ ಖನಿಜ ನೀರು ಹೀರಿ ಸರ್ಪೆಂಟೈನ್ ಎಂಬ ಬೇರೆ ಖನಿಜ ಆಗುತ್ತದೆ, ಕಲ್ಲು ಉಬ್ಬುತ್ತದೆ. ಆಲಿವಿನ್‌ನಲ್ಲಿದ್ದ ಕಬ್ಬಿಣದ ಒಂದು ಪಾಲು ನೀರಿನಿಂದ ಆಮ್ಲಜನಕ ಕಿತ್ತುಕೊಂಡು ಮ್ಯಾಗ್ನೆಟೈಟ್ ಎಂಬ, ಅಯಸ್ಕಾಂತಕ್ಕೆ ಅಂಟುವ ಖನಿಜ ಆಗುತ್ತದೆ. ಆಗ ಉಳಿಯುವುದು ಹೈಡ್ರೋಜನ್ ಅನಿಲ! ಅಂಥ ಕಲ್ಲು ಸವರಿದರೆ ಸೋಪಿನ ಹಾಗೆ ನುಣುಪು, ಅಯಸ್ಕಾಂತ ಹಿಡಿದರೆ ಎಷ್ಟೋ ಸಲ ಅಂಟಿಕೊಳ್ಳುತ್ತದೆ.

ಕಪ್ಪತಗುಡ್ಡವನ್ನು ಮಾತ್ರ ಸುಮ್ನೆ ಓಫಿಯೋಲೈಟ್ ಅನ್ನಬೇಡಿ. ಅದು 250 ಕೋಟಿ ವರ್ಷಕ್ಕೂ ಹಳೆಯ ಗದಗ ಹಸಿರುಶಿಲೆ ಪಟ್ಟಿಯ, ಅಂದರೆ ಬದಲಾದ ಹಳೆಯ ಲಾವಾ ಮತ್ತು ಇತರ ಕಲ್ಲುಗಳ ಪಟ್ಟಿಯ, ಭಾಗ. ಆದರೆ ಅಲ್ಲಿನ ಲಾವಾ ಕಲ್ಲಿನ ಹಸಿರಿಗೂ ಮುಖ್ಯವಾಗಿ ಕ್ಲೋರೈಟೇ ಕಾರಣ. ಬಿಳಿ ಬೆಣಚುಕಲ್ಲಿನ ಎಳೆಗಳಲ್ಲಿ ಚಿನ್ನ ತಂದಿಟ್ಟದ್ದೂ ಬಿಸಿ ದ್ರವವೇ. ಅದು ಲಾವಾ ಗಟ್ಟಿಯಾದ ಎಷ್ಟೋ ಕಾಲದ ಮೇಲೆ ಆಳದಿಂದ ಬಂದದ್ದು, ಅದರಲ್ಲಿ ಇಂಗಾಲದ ಡೈಆಕ್ಸೈಡ್ ಕೂಡ ಜಾಸ್ತಿ ಇತ್ತು.